ಅದಲುದೂರು ಸಭೆಯ ಹಿಂದಿನ ದಿನ

ಇಸವಿ ೨೩೯೧, ಫಾಲ್ಗುಣದ ನಲವತ್ತನೆಯ ದಿನ
ಮಧ್ಯನಾಡಿನ ಸಭಾಬಯಲು

ನನಗಿಂತ ಮುನ್ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ, ಸಿಂಧನೂರಿನ ನೀಲಗಂಗಾ ಮಾಡುವ ನಮಸ್ಕಾರ. ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಬೇಸಿಗೆ ಉದ್ದವಾದ ಹಾಗೆ ನಾವು ತಿಂಗಳುಗಳನ್ನೂ ಎಳೆದಿದ್ದೇವೆ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ.

ದೇಶ ಇನ್ನೂ ಒಂದೇ ಇದೆ. ಎಷ್ಟು ದಿನ ಎಂದು ಮಾತ್ರ ಕೇಳಬೇಡಿ. ಬೇರೆಯಾಗುತ್ತೇವೆ ಎನ್ನುವ ನಾಡು ಮೊದಲು ಅದಲುದೂರು ಮುಗಿಸಬೇಕೆಂಬುದು ನಮ್ಮ ಪದ್ಧತಿ. ಎರಡು ನಾಡಿನವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ವರ್ಷ ಇರುತ್ತಾರೆ. ಆಮೇಲೆ ಸಭೆಯಲ್ಲಿ ಯಾರೂ ತಮ್ಮ ದೂರು ಹೇಳಿಕೊಳ್ಳುವಂತಿಲ್ಲ. ಉಂಡ ಮನೆಯವರ ದೂರನ್ನು ಹೇಳಬೇಕು. ಅದನ್ನು ಕೇಳಿದ ಮೇಲೆಯೇ, ಇರುವುದೋ ಬಿಡುವುದೋ ಎಂದು ಎಲ್ಲರೂ ಕೈ ಎತ್ತುತ್ತಾರೆ.

ಈ ಸಲ ಬೇರೆಯಾಗುತ್ತೇವೆ ಎಂದವರು ನಾವೇ. ಕಾಲುವೆಯ ಕೊನೆಯ ಊರು ನಮ್ಮದು, ನೀರು ನಮ್ಮ ತನಕ ಸರಿಯಾಗಿ ಬರುವುದೇ ಇಲ್ಲ. ಹೊರಡುವಾಗ ನಮ್ಮ ಚಿಗವ್ವ, "ನಮ್ಮ ಮಾತ ಯಾರೂ ಕೇಳಂಗಿಲ್ಲವ್ವಾ, ನೀನರ ಗಟ್ಟಿಯಾಗಿ ಹೇಳಿ ಬಾ" ಎಂದಿದ್ದಳು. ಹೇಳಿದೆ. ನಾನು ಆ ವರ್ಷ ಇದ್ದದ್ದು ಬ್ರಹ್ಮಪುತ್ರದ ದಡದ ಹೇಮಕಾಂತರ ಮನೆಯಲ್ಲಿ; ಅಲ್ಲಿ ಚಹಾ ಕುಡಿಯುವಾಗಲೂ ಹೇಳಿದೆ, ಉಣ್ಣಲು ಕೂತಾಗಲೂ ಹೇಳಿದೆ. ಅವರು ತಲೆದೂಗುತ್ತ ಕೇಳಿದರು, ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು.

ಆ ದಿನಗಳು ಕನಸಿನ ಹಾಗಿದ್ದವು. ಮಂಜಿನಲ್ಲಿ ದೋಣಿಗಳು ನೀರನ್ನೇ ಮುಟ್ಟದ ಹಾಗೆ ತೇಲಿ ಹೋಗುತ್ತಿದ್ದವು. ಮಳೆಗಾಲದ ಒಂದು ಮುಂಜಾನೆ ಊರವರೆಲ್ಲ ಸೇರಿ ಹೇಮಕಾಂತರ ಬಿದಿರಿನ ಮನೆಯನ್ನು ಬಿಚ್ಚಿ, ನೂರು ಹೆಜ್ಜೆ ಹಿಂದಕ್ಕೆ ಒಯ್ದು ಮತ್ತೆ ಕಟ್ಟಿದರು. ಹಾಡುತ್ತಿದ್ದರು. ಹಬ್ಬವೆಂದುಕೊಂಡು ನಾನೂ ಒಂದು ಕಂಬ ಹೊತ್ತು ಕುಣಿದೆ. ಆ ವರ್ಷ ನಾಲ್ಕು ಸಲ ಹಾಗೆ ಕಟ್ಟಿದೆವು.

ನಮ್ಮ ಮನೆಯಲ್ಲಿ ವರ್ಷ ಕಳೆದ ಹೇಮಕಾಂತರ ಮಗಳು ನೊಮಾಲಿ ಇಂದು ಇಲ್ಲಿ ಸಿಕ್ಕಳು. ನಮ್ಮ ಯಾವ ಹೊಲಕ್ಕೆ ಯಾವ ತಿಂಗಳು ನೀರು ಬರುವುದು ನಿಲ್ಲುತ್ತದೆಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ನಾಳೆ ಅಪ್ಪನ ದೂರು ಏನೆಂದು ಹೇಳುತ್ತೀ ಎಂದು ಕೇಳಿದಳು. ಅವರಿಗೇನು ದೂರು, ಹಬ್ಬ ಮಾಡಿಕೊಂಡು ಸುಖವಾಗಿದ್ದಾರಲ್ಲ ಎಂದೆ. ಆಮೇಲೆ ಅವಳ ಮುಖ ನೋಡಲಾಗಲಿಲ್ಲ. ಅದು ಹಬ್ಬವಲ್ಲವಂತೆ. ನದಿ ಊರನ್ನು ತಿನ್ನುತ್ತಿದೆ, ಹಿಂದೆ ಸರಿಯಲು ಇನ್ನು ಒಂದೇ ಸಲಕ್ಕಾಗುವಷ್ಟು ನೆಲ ಉಳಿದಿದೆ. ಭಾರ ಹೊರುವಾಗ ಹಾಡುವುದು ಅಲ್ಲಿನ ರೂಢಿಯಂತೆ.

ನಾಚಿಕೆಯಾಗುತ್ತಿದೆ. ಯಾರೂ ನಮ್ಮನ್ನು ಕೇಳುವುದಿಲ್ಲವೆಂದು ದೇಶವನ್ನೇ ಬಿಡಲು ಹೊರಟವಳು ನಾನು. ನಿಮ್ಮ ಕಾಲದಲ್ಲೂ ದೂರುಗಳಿವೆ, ನಿಜವಾದವೇ. ನುಂಗಿಕೊಳ್ಳಿ ಎನ್ನುವುದಿಲ್ಲ, ಗಟ್ಟಿಯಾಗಿಯೇ ಹೇಳಿ. ಆದರೆ ದೂರದವರೊಬ್ಬರ ಮನೆಯಲ್ಲಿ ಕೂತು, ನಿಮಗೇನಾಗಿದೆ ಎಂದು ಒಮ್ಮೆ ಕೇಳಿ. ನಾಳೆ ನೊಮಾಲಿ ನಮ್ಮ ನೀರಿಗಾಗಿ ಮಾತಾಡುತ್ತಾಳೆ. ಆಮೇಲೆ ನಾನು ಎದ್ದು ನನ್ನ ತಪ್ಪು ಒಪ್ಪಿಕೊಂಡು, ಕೈ ಎತ್ತುವುದನ್ನು ಒಂದು ವರ್ಷ ಮುಂದೂಡಿರಿ, ಇನ್ನೊಮ್ಮೆ ಹೋಗಿ ಕೇಳಿ ಬರುತ್ತೇನೆ ಎಂದು ಬೇಡುತ್ತೇನೆ. ಕೇಳಲು ಹೋದಾಗ ಅಲ್ಲಿ ಮನೆ ಇರುತ್ತದೋ ಇಲ್ಲವೋ, ಹೇಳಲಾರೆ.