ಗುಂಗುರುವಿನ ವಿಶ್ವ ಪುಟಿಯಲಿಲ್ಲ

ಫೆಬ್ರವರಿ 6, ಮಧ್ಯಾಹ್ನ
ಮತ್ತೆ ಬೋರ್ಡು ಒರೆಸಿದೆ. ವಿಶ್ವದ ಆರಂಭದ ಲೆಕ್ಕದಲ್ಲಿ ಮತ್ತೆ ಅದೇ ಇನ್ಫಿನಿಟಿ. ಆರಿದ ಟೀ ಕುಡಿದೆ. ಇರುವುದು ಒಂದೇ ಪರ್ಮನೆಂಟ್ ಹುದ್ದೆ, ಬಾಯಿಬಿಟ್ಟು ಕೂತವರು ಇಬ್ಬರು — ನಾನು, ಪಕ್ಕದ ಟೇಬಲ್ಲಿನ ಗುಂಗುರುಗೂದಲಿನವನು. ನನ್ನ ಕಾಂಟ್ರ್ಯಾಕ್ಟ್ ಜೂನ್‌ಗೆ ಮುಗಿಯುತ್ತದೆ. ಇನ್ನೊಂದು ಕೊಡುವುದಿಲ್ಲ ಎಂದು ಹೇಳಿಯಾಗಿದೆ. ಅಮ್ಮ ದಿನಾ ಬೆಳಿಗ್ಗೆ "ಆಯ್ತಾ?" ಎಂದು ಕೇಳುತ್ತಾಳೆ. ಏನು ಎಂದು ಹೇಳುವುದೇ ಬೇಡ.

ಫೆಬ್ರವರಿ 9
ಗುಂಗುರು ತನ್ನ ಲೆಕ್ಕ ತಂದಿಟ್ಟ. ಎಲ್ಲವೂ ಕಂಪಿಸುವ ತಂತುಗಳಿಂದಲೇ ಆಗಿದ್ದರೆ ವಿಶ್ವ ಚುಕ್ಕೆಯಷ್ಟಕ್ಕೆ ಕುಗ್ಗಲಾರದು, ತಂತುಗಳು ಬಿಡುವುದಿಲ್ಲ. ಹಾಗಾಗಿ ಮಹಾಸ್ಫೋಟ ಮೊದಲಲ್ಲ. ಅದಕ್ಕೂ ಮುಂಚೆ ಒಂದು ವಿಶ್ವ ಇತ್ತು, ಕುಗ್ಗಿ ಕುಗ್ಗಿ ಚೆಂಡಿನ ಹಾಗೆ ಪುಟಿಯಿತು, ಪುಟಿದದ್ದರಲ್ಲಿ ನಾವಿದ್ದೇವೆ. ನಮ್ಮಲ್ಲಿ ಯಾರಿಗೂ ಈ ಲೆಕ್ಕ ಕೂಡಿಬಂದಿರಲಿಲ್ಲ. ಅವನಿಗೆ ಬಂದಿದೆ. ಹೊಟ್ಟೆ ಉರಿಯಿತು. ಇಲ್ಲಾದರೂ ಬರೆಯುತ್ತೇನೆ, ಚೆನ್ನಾಗಿ ಉರಿಯಿತು.
"ಅಕ್ಕಾ, ಸೆಮಿನಾರಿಗೆ ಮುಂಚೆ ಒಂದ್ಸಲ ನೋಡಿಕೊಡಿ. ನೀವು ನೋಡಿದ್ರೆ ನಂಗೆ ಧೈರ್ಯ."

ಫೆಬ್ರವರಿ 11
ಅವನ ಲೆಕ್ಕದಲ್ಲಿ ತಪ್ಪು ಸಿಕ್ಕಿತು. ನಮ್ಮ ಕಸುಬಿನಲ್ಲಿ ಕೆಲವರು ಕಾಲಕ್ಕೆ ಮೈನಸ್ ಹಾಕುತ್ತಾರೆ, ಕೆಲವರು ದೂರಕ್ಕೆ. ಎರಡೂ ಸರಿ, ಬೆರೆಸಬಾರದು ಅಷ್ಟೆ. ಇವನು ಒಂದು ಸೂತ್ರ ಅವರಿಂದ, ಇನ್ನೊಂದು ಇವರಿಂದ ಎತ್ತಿಕೊಂಡು ಕಲಸಿಬಿಟ್ಟಿದ್ದಾನೆ. ಮೈನಸ್ ಸರಿಮಾಡಿದರೆ ಪುಟಿಯುವುದೇ ಇಲ್ಲ. ಕುಗ್ಗುತ್ತದೆ, ಮುಗಿಯುತ್ತದೆ. ಪಾಪ, ವಿಶ್ವ.
ಹೇಗಿದೆ ಎಂದು ಕೇಳಿದ. "ಚೆನ್ನಾಗಿದೆ ಕಣೋ" ಎಂದೆ. ಆಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಫೆಬ್ರವರಿ 20
ಸೆಮಿನಾರ್. ಆಯ್ಕೆ ಸಮಿತಿಯವರೆಲ್ಲ ಮುಂದಿನ ಸಾಲಿನಲ್ಲಿ. ವಿಶ್ವ ಪುಟಿಯುವ ಜಾಗಕ್ಕೆ ಬಂದಾಗ ಕೈ ಎತ್ತಿದೆ. ಎರಡು ಸೂತ್ರದಲ್ಲೂ ಮೈನಸ್ ಒಂದೇ ಕಡೆ ಇದೆಯಾ ಎಂದು ಮೆತ್ತಗೆ ಕೇಳಿದೆ. ಗುಂಗುರು ಪರದೆ ನೋಡಿದ. ನೋಡುತ್ತಲೇ ಇದ್ದ. ಕಿವಿ ಕೆಂಪಾದವು. ಯಾರೋ ನಕ್ಕರು. ನನಗಾದ ಖುಷಿ...
ಡೈರೆಕ್ಟರ್ "ಸಾಕು, ಮುಗಿಸಪ್ಪ" ಎಂದರು. ಅವನು ತಡಬಡಾಯಿಸಿ ಕೊನೆಯ ಸ್ಲೈಡ್ ಹಾಕಿದ. ನಮ್ಮಲ್ಲಿ ಕೊನೆಯದು ಯಾವಾಗಲೂ ಥ್ಯಾಂಕ್ಸ್. ಅದರಲ್ಲಿ ನನ್ನ ಹೆಸರೊಂದೇ — ಪ್ರತಿ ಸಾಲನ್ನೂ ಪರೀಕ್ಷಿಸಿಕೊಟ್ಟದ್ದಕ್ಕೆ.
ಮುಂದಿನ ಸಾಲಿಗೆ ಸಾಲೇ ಹಿಂದೆ ತಿರುಗಿ ನನ್ನನ್ನು ನೋಡಿತು.

ಫೆಬ್ರವರಿ 21
ಡೈರೆಕ್ಟರ್ ಕರೆಸಿದರು. ಮೊದಲೇ ತಪ್ಪು ಕಂಡಿತ್ತಾ ಎಂದು ಕೇಳಿದರು. ಕಂಡಿತ್ತು ಎಂದರೆ ಕುತಂತ್ರಿ, ಇಲ್ಲವೆಂದರೆ ದಡ್ಡಿ. ತಲೆನೋವಿನ ನೆಪ ಹೇಳಿ ಎದ್ದು ಬಂದೆ.
ಸಂಜೆ ಗುಂಗುರುವನ್ನು ಕ್ಯಾಂಟೀನಿಗೆ ಕರೆದೊಯ್ದೆ. ಕಣ್ಣೀರು ಹಾಕಿದೆ, ಅರ್ಧ ನಿಜವಾದದ್ದೇ. ಆ ಪುಟ ಅಕ್ಕನಿಗೆ ತೋರಿಸಿರಲಿಲ್ಲ, ಥ್ಯಾಂಕ್ಸ್ ಬರೀ ಮರ್ಯಾದೆಗೆ ಹಾಕಿದ್ದು ಎಂದು ಡೈರೆಕ್ಟರಿಗೆ ಹೇಳಿಬಿಡು ಎಂದೆ.
"ಹೇಳ್ತೀನಿ ಬಿಡಿ. ನಿಮಗೆ ಅಲ್ಲೇ ಹೊಳೀತು ಅಂತ ನಂಗೊತ್ತು ಅಕ್ಕಾ. ಮೊದ್ಲೇ ಕಂಡಿದ್ರೆ ಹೇಳ್ತಿರ್ಲಿಲ್ವಾ ನೀವು?"
ಇವನಿಗೆ ಸೃಷ್ಟಿಗಿಂತ ಹಿಂದಿನದು ಕಾಣುತ್ತದಂತೆ! ಕಾಫಿಗೂ ಅವನೇ ಕೊಟ್ಟ.

ಏಪ್ರಿಲ್ 4
ಆಯ್ತು. ಪರ್ಮನೆಂಟ್. ಅಮ್ಮ ಕೇಳುವ ಮೊದಲೇ ಹೇಳಿದೆ. "ಆ ಹುಡುಗನ ಗತಿ?" ಎಂದಳು. ಮೈಯೆಲ್ಲ ಉರಿದುಹೋಯಿತು.

ಮೇ 13, ಮಧ್ಯಾಹ್ನ 3
ಬೇರೊಂದು ಸಂಸ್ಥೆಯ ಮುಖ್ಯಸ್ಥೆ ಫೋನ್ ಮಾಡಿದ್ದರು. ಗುಂಗುರು ಅಲ್ಲಿ ಅರ್ಜಿ ಹಾಕಿದ್ದಾನೆ. ವಿಚಾರಿಸಲು ನನ್ನ ಹೆಸರು ಕೊಟ್ಟಿದ್ದಾನೆ, ಬೇರೆ ಯಾರದ್ದೂ ಇಲ್ಲ. ಲೆಕ್ಕ ತಿದ್ದಿದ್ದಾನಂತೆ, ಈಗ ಪುಟಿಯುತ್ತದಂತೆ, ನಂಬಬಹುದಾ ಎಂದರು.
ತಿದ್ದಿದ್ದನ್ನು ನಿನ್ನೆಯೇ ನನ್ನ ಟೇಬಲ್ ಮೇಲಿಟ್ಟು ಹೋಗಿದ್ದ. ಎರಡೆರಡು ಸಲ ನೋಡಿದ್ದೆ. ಒಂದು ತಪ್ಪೂ ಇಲ್ಲ. ಎಷ್ಟು ಚೆನ್ನಾಗಿ ಪುಟಿಯುತ್ತದೆಂದರೆ, ರಾತ್ರಿ ಅನ್ನ ಸೇರಲಿಲ್ಲ.
"ಹುಡುಗ ತುಂಬ ಒಳ್ಳೆಯವನು ಮೇಡಂ" ಎಂದೆ. "ಲೆಕ್ಕ ಮಾತ್ರ ಈಗಲೂ ಪುಟಿಯುವುದಿಲ್ಲ."