ಬಾಗಿಲ ಹಿಂದೆ ಉಳಿದ ತಗಡು

ಜೂನ್ ೧೧, ಕರ್ಕೆನ್ನಾ ದ್ವೀಪ

ತಗಡು ಬಾಗಿಲ ಹಿಂದೆಯೇ ಇದೆ. ಎಣ್ಣೆಡಬ್ಬ ಕತ್ತರಿಸಿ ಮೂಲೆಮೂಲೆ ಸೇರಿಸಿದ್ದು, ದೋಣಿಯ ಕಂಬದ ತುದಿಗೆ ಕಟ್ಟುವುದು. ಹಡಗಿನ ರಾಡಾರ್‌ಗೆ ನಮ್ಮ ಮರದ ದೋಣಿ ಕಾಣುವುದು ಇದರಿಂದಲೇ. ಸಂಜೆ ನನ್ನ ತಮ್ಮ ಮುನ್ಸಿಫ್ ಅದನ್ನು ಬಿಚ್ಚಿಟ್ಟು ಕಡಲಿಗೆ ಹೋದ. ಇದು ಆಕ್ಟೋಪಸ್ ಹಿಡಿಯಬಾರದ ತಿಂಗಳು.

“ಇದನ್ನ ಕಟ್ಕೊಂಡು ಹೋದ್ರೆ ಕಾವಲು ದೋಣಿಯವರನ್ನ ನಾನೇ ಕೂಗಿ ಕರೆದ ಹಾಗೆ, ಅಕ್ಕಾ,” ಎಂದು ನಕ್ಕ. ನಾನೂ ನಕ್ಕೆ.

ಆಮೇಲೆ ಮರಳುಗಾಳಿ ಎದ್ದಿತು. ಎದುರುಮನೆಯ ದೀಪವೂ ಕಾಣುತ್ತಿಲ್ಲ. ಅವನ ಫೋನ್ ಹತ್ತುತ್ತಿಲ್ಲ. ಫೆರಿಯಲ್ಲಿ ರಾಡಾರ್ ನೋಡುವ ಶಾಧ್ಲಿ ಮಾವನಿಗೆ ಫೋನ್ ಮಾಡಿದೆ.

“ತಗಡಾದ್ರೆ ರಾಡಾರ್ ಅಲೆ ಬಡಿದು ವಾಪಸ್ ಬರುತ್ತಮ್ಮ. ಮರದಿಂದ ಬರೋದೇ ಕಮ್ಮಿ. ಸಮುದ್ರ ಎದ್ದಾಗ ನೀರೂ ವಾಪಸ್ ಕಳಿಸುತ್ತೆ, ಪರದೆ ತುಂಬ ಬರೀ ಚುಕ್ಕಿ. ಅದರಲ್ಲಿ ಇವನನ್ನ ಎಲ್ಲಿ ಅಂತ ಹುಡುಕ್ಲಿ?”

ನಿಮ್ಮ ಫೆರಿ ಈಗ ಅವನ ದಾರಿಯಲ್ಲೇ ಇದೆಯೇ ಎಂದು ಕೇಳಲು ಧೈರ್ಯವಾಗಲಿಲ್ಲ.

ಕೊನೆಗೆ ಕಾವಲು ಪಡೆಗೆ ನಾನೇ ಫೋನ್ ಮಾಡಿ, ಆಕ್ಟೋಪಸ್ ಬಂದು ಅಡಗಲೆಂದು ಅವನು ಮಡಕೆ ಇಳಿಬಿಡುವ ಜಾಗ ಹೇಳಿಬಿಟ್ಟೆ. ದೋಣಿ ಜಪ್ತಿಯಾಗುತ್ತದೆ, ಅವನು ನನ್ನೊಡನೆ ಮಾತು ಬಿಡುತ್ತಾನೆ. ಬಿಡಲಿ. ಪ್ರತಿ ವರ್ಷ ಈ ತಿಂಗಳಲ್ಲಿ, ಅವರ ಕೈಗೆ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ನಾನು. ಈಗ ಸಿಗಲಿ, ದೇವರೇ. ಬೇಗ ಸಿಗಲಿ.