ತೊಟ್ಟಿಗೆ ಆಯುಧಪೂಜೆ

ಮೈಸೂರು, ವಿಜಯದಶಮಿಯ ಮರುದಿನ, 1996

ಅವ್ವನಿಗೆ ಸರ್ವಮಂಗಳಳ ನಮಸ್ಕಾರ.

ಯುಗಾದಿಯ ಅಭ್ಯಂಜನದಿಂದೀಚೆಗೆ ನಾನು ತಲೆಗೆ ಎಣ್ಣೆ ಸೋಕಿಸಿಲ್ಲ. ನಮ್ಮ ಲ್ಯಾಬಿನಲ್ಲಿ ಒಂದು ಪುಟ್ಟ ತೊಟ್ಟಿಯಿದೆ. ಅದರ ಶುದ್ಧ ನೀರಿನ ಮೇಲೆ ಬಣ್ಣದ ಅಣುಗಳನ್ನು ಒಂದೇ ಪದರವಾಗಿ ಹರಡಿ, ಗಾಜನ್ನು ಅದ್ದಿ ಎತ್ತುತ್ತೇವೆ. ಅಣುಗಳೆಲ್ಲ ಒಂದೇ ಕಡೆ ಮುಖ ಮಾಡಿ ಗಾಜಿಗೆ ಅಂಟಿದರೆ, ಕಣ್ಣಿಗೆ ಕಾಣದ ಲೇಸರ್ ಬೆಳಕು ಅದನ್ನು ಹಾದು ಹಸಿರಾಗಿ ಹೊರಬರುತ್ತದೆ. ಹೋದ ವಾರ ಬಂತು ಅವ್ವ, ಗರಿಕೆಯಂಥ ಹಸಿರು! ನೀರಿಗೆ ಒಂದಿಷ್ಟು ಜಿಡ್ಡು ತಾಗಿದರೂ ಎಲ್ಲ ಹಾಳು. ಅದಕ್ಕೇ ಪ್ರೊಫೆಸರು ನನಗೆ ಎಣ್ಣೆ, ಮಲ್ಲಿಗೆ ಎರಡನ್ನೂ ಬಿಡಿಸಿದ್ದರು.

ಅದೇ ಮಹಾನುಭಾವರು ಆಯುಧಪೂಜೆಯ ದಿನ ತೊಟ್ಟಿಗೆ ಅರಿಶಿನ ಕುಂಕುಮ ಬಳಿದು, ಪಕ್ಕದಲ್ಲೇ ಎಣ್ಣೆ ದೀಪ ಹಚ್ಚಿ, ಅದೇ ಕೈಯಲ್ಲಿ ನೀರಿಗೂ ಅಕ್ಷತೆ ಹಾಕಿದರು. ನಾನು ಬೇಡವೆಂದರೆ, “ಸುಮ್ನಿರಮ್ಮ, ಪೂಜೆ ಮಾಡ್ದೆ ಬುಟ್ಬುಡಕ್ಕಾಗುತ್ತಾ?” ಎಂದರು. ನಿನ್ನೆ ಊರೆಲ್ಲ ಜಂಬೂಸವಾರಿ ನೋಡುತ್ತಿದ್ದರೆ ನಾನು ತೊಟ್ಟಿ ಉಜ್ಜುತ್ತಿದ್ದೆ.

ಇವತ್ತು ಹಸಿರು ಬರಲಿಲ್ಲ. ಪ್ರೊಫೆಸರು ಎಲ್ಲರೆದುರು ನನ್ನ ಜಡೆ ನೋಡಿ, “ಎಣ್ಣೆ ಹಚ್ಕೊಂಡ್ ಬಂದ್ಯೇನಮ್ಮ?” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಚಿನಲ್ಲಿ ಉಳಿದಿದ್ದ ಅರಿಶಿನ ತೋರಿಸಿದೆ. “ಅದು ದೇವ್ರುದು ಕಣಮ್ಮ, ಅದರಿಂದ ಏನೂ ಆಗಲ್ಲ” ಎಂದರು!

ನನ್ನ ಕೆಮ್ಮು ವಾಸಿಯಾಗಿದೆ. ಮಾವ ಇತ್ತ ಬರುವಾಗ ಗಾಣದ ಕೊಬ್ಬರಿ ಎಣ್ಣೆ ಒಂದು ಸೀಸೆ ಕೊಟ್ಟು ಕಳಿಸು. ಬೈಸಿಕೊಳ್ಳುವುದೇ ಆದರೆ ಹಚ್ಚಿಕೊಂಡೇ ಬೈಸಿಕೊಳ್ಳುತ್ತೇನೆ.

ಸರ್ವಮಂಗಳ